ಗಣಿತದ ಮಿಸ್ ಆಫೀಸ್ ರೂಮಿಗೆ ಹೋದ ಮೇಲೆ

ಹೆಡ್ ಮೇಷ್ಟ್ರಿಲ್ಲದ ಶಾಲೆಯನ್ನು ರಸ್ತೆಯಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಬೆಲ್ ಹೊಡೆಯುತ್ತದೆ, ಪ್ರಾರ್ಥನೆ ಆಗುತ್ತದೆ, ಮಧ್ಯಾಹ್ನಕ್ಕೆ ಮುಂಚೆ ಒಗ್ಗರಣೆ ವಾಸನೆ ಬೀದಿಗೆ ಬರುತ್ತದೆ, ಸಂಜೆ ಮಕ್ಕಳು ಗೇಟು ದಾಟಿ ಓಡುತ್ತಾರೆ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೂ 2016ರ ಜೂನ್‌ನಿಂದ ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷ ಶಾಲೆಗೆ ಕಾಯಂ ಮುಖ್ಯ ಶಿಕ್ಷಕರಿರಲಿಲ್ಲ. ಏನು ಕಡಿಮೆಯಾಗಿತ್ತು ಅನ್ನುವುದು ತಿಳಿಯಬೇಕಾದರೆ ಐದನೇ ತರಗತಿಯ ಕೊನೆಯ ಸಾಲಿನಲ್ಲಿ ಕೂತು ನೋಡಬೇಕಿತ್ತು, ಇಲ್ಲವೇ ಆ ಮಕ್ಕಳ ತಾಯಂದಿರ ಮಾತು ಕೇಳಬೇಕಿತ್ತು.

ತಾಯಂದಿರ ಮಾತು ನನ್ನ ಕಿವಿಗೆ ದಿನವೂ ಬೀಳುತ್ತಿತ್ತು. ನಮ್ಮದು ತುಮಕೂರು, ಹಾಸನ ಜಿಲ್ಲೆಗಳು ಕೂಡುವ ತೆಂಗಿನ ಸೀಮೆ. ಮನೆಯ ಜಗುಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದೇನೆ. ರವಿಕೆಗೆ ಅಳತೆ ಕೊಡುವವರು, ಸೀರೆಗೆ ಫಾಲ್ ಹಾಕಿಸುವವರು, ಮಗನ ಚಡ್ಡಿಯ ಜಿಪ್ ಕಿತ್ತುಹೋಯಿತೆಂದು ತರುವವರು, ಎಲ್ಲರೂ ಹತ್ತು ನಿಮಿಷ ಕೂತೇ ಹೋಗುತ್ತಾರೆ. ಮಗಳು ನಾಲ್ಕನೇ ತರಗತಿಗೆ ಬಂದ ವರ್ಷ ನಾನು ಎಸ್‌ಡಿಎಂಸಿಗೂ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ, ಸೇರಿದ್ದರಿಂದ ಶಾಲೆಯ ಮಾತು ಇನ್ನೂ ಜಾಸ್ತಿಯಾಯಿತು. ಸಭೆಯಲ್ಲಿ ಬಾಯಿಬಿಡದ ಹೆಂಗಸರು ಜಗುಲಿಯಲ್ಲಿ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು.

ಹಿಂದಿನ ಹೆಡ್ ಮೇಷ್ಟ್ರು ಮೇ 31ಕ್ಕೆ ನಿವೃತ್ತರಾದರು. ನಮ್ಮ ಕಡೆ ಮೊದಲೆಲ್ಲ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಒಂದನೇ ತಾರೀಖು ಹುಟ್ಟಿದ ನೌಕರರ ಸೇವೆ ಹಿಂದಿನ ತಿಂಗಳ ಕೊನೆಯ ದಿನಕ್ಕೆ ಮುಗಿಯುತ್ತದೆ. ಹಾಗಾಗಿ ಹಳ್ಳಿಗಾಡಿನಿಂದ ಬಂದ ಆ ತಲೆಮಾರಿನ ಎಷ್ಟೋ ಶಿಕ್ಷಕರು ಮೇ 31ಕ್ಕೇ ಮನೆಗೆ ಹೋಗುತ್ತಾರೆ. ನಮ್ಮ ಮೇಷ್ಟ್ರೂ ಅವರಲ್ಲೊಬ್ಬರು. ಈ ತಾರೀಖನ್ನು ಇಷ್ಟು ಹೇಳಲು ಕಾರಣವಿದೆ. ಸರ್ಕಾರಿ ನೌಕರರು ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ಅವರು ಯಾವತ್ತು ಹೋಗುತ್ತಾರೆ ಅನ್ನುವುದು ನಿಶ್ಚಯವಾಗಿರುತ್ತದೆ. ಕಾಯಿಲೆ, ಸಾವು, ರಾಜೀನಾಮೆ ಹೇಳಿ ಬರುವುದಿಲ್ಲ, ಒಪ್ಪೋಣ. ನಿವೃತ್ತಿ ಮೂವತ್ತು ವರ್ಷ ಮೊದಲೇ ಹೇಳಿಕೊಂಡು ಬರುತ್ತದೆ. ಆದರೂ ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಆ ಕುರ್ಚಿಗೆ ಹೊಸಬರು ಯಾರೂ ನೇಮಕವಾಗಿರಲಿಲ್ಲ.

ಇಲಾಖೆಯ ಪದ್ಧತಿಯಂತೆ ಇರುವವರಲ್ಲಿ ಹಿರಿಯರಿಗೆ ಪ್ರಭಾರ ವಹಿಸಿದರು. ನಮ್ಮ ಶಾಲೆಯಲ್ಲಿ ಹಿರಿಯರೆಂದರೆ ಗಣಿತದ ಮಿಸ್. ಅವರಿಗೆ ಇಷ್ಟವಿರಲಿಲ್ಲ. ಚಾರ್ಜ್ ಲಿಸ್ಟಿಗೆ ಸಹಿ ಹಾಕುವಾಗ ನಾನೂ ಅಲ್ಲಿದ್ದೆ. ಮೇಜಿನ ಮೇಲೆ ದಾಖಲಾತಿ ರಿಜಿಸ್ಟರ್, ಕ್ಯಾಷ್ ಬುಕ್, ಡೆಡ್ ಸ್ಟಾಕ್ ರಿಜಿಸ್ಟರ್, ಅಕ್ಷರ ದಾಸೋಹದ, ಅಂದರೆ ಬಿಸಿಯೂಟದ, ಲೆಕ್ಕದ ಪುಸ್ತಕ, ಚೆಕ್ ಪುಸ್ತಕ, ಬೀರುವಿನ ಬೀಗದ ಕೈ ಗೊಂಚಲು ಎಲ್ಲ ಸಾಲಾಗಿದ್ದವು. ಮಿಸ್ ಒಂದೊಂದನ್ನೂ ತೆರೆದು ನೋಡಿ ಸಹಿ ಹಾಕುತ್ತಾ ಹೋದರು. ಕೊನೆಗೆ ಹಳೆಯ ಮೇಷ್ಟ್ರನ್ನು ಕೇಳಿದರು: "ಸಾರ್, ಇಷ್ಟೂ ನಾನು ನೋಡ್ಕೊಂಡ್ರೆ ನನ್ನ ಕ್ಲಾಸು ಯಾರು ತಗೋತಾರೆ?" ಅವರು ಉತ್ತರ ಕೊಡಲಿಲ್ಲ. ಕೊಡಲು ಅವರ ಹತ್ತಿರ ಉತ್ತರ ಇರಲೂ ಇಲ್ಲ.

ಆ ಮಿಸ್ ಪಾಠ ಮಾಡುತ್ತಿದ್ದ ರೀತಿಯನ್ನು ಒಂದಿಷ್ಟು ಹೇಳಲೇಬೇಕು, ಇಲ್ಲದಿದ್ದರೆ ಕಳೆದುಕೊಂಡದ್ದು ಏನು ಅನ್ನುವುದು ಓದುವವರಿಗೆ ತಿಳಿಯುವುದಿಲ್ಲ. ಭಿನ್ನರಾಶಿ ಶುರುಮಾಡುವ ದಿನ ಅವರು ಒಂದು ಉಂಡೆ ಕೊಬ್ಬರಿ ತಂದು ಮಕ್ಕಳ ಎದುರಿಗೇ ಒಡೆಯುತ್ತಿದ್ದರು. ಎರಡು ಗಿಟುಕು. ಒಂದನ್ನು ಮತ್ತೆ ಎರಡು ಮಾಡಿ, "ಈಗ ಇದು ಪೂರ್ತಿ ಕೊಬ್ಬರೀಲಿ ಎಷ್ಟು?" ಎಂದು ಕೇಳುತ್ತಿದ್ದರು. ನಮ್ಮ ಮಕ್ಕಳು ಕೊಬ್ಬರಿ ನೋಡಿಕೊಂಡೇ ಬೆಳೆದವರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗುವ ಮನೆಗಳು. ಕಾಲು, ಅರ್ಧ, ಮುಕ್ಕಾಲು ಅನ್ನುವುದು ಅವರ ಕೈಯಲ್ಲೇ ಇತ್ತು. ಅದನ್ನು ಸ್ಲೇಟಿನ ಮೇಲೆ ಒಂದರ ಕೆಳಗೆ ನಾಲ್ಕು ಎಂದು ಬರೆಯುವುದಕ್ಕೆ ದಾಟಿಸುವ ಕೆಲಸ ಮಿಸ್ ಮಾಡುತ್ತಿದ್ದರು. ಪಾಠ ಮುಗಿದ ಮೇಲೆ ಕೊಬ್ಬರಿಯನ್ನು ಮಕ್ಕಳೇ ಸಮನಾಗಿ ಹಂಚಿಕೊಳ್ಳಬೇಕು, ಅದೂ ಲೆಕ್ಕವೇ. ನಮ್ಮೂರಿನಿಂದ ಎಂಟನೇ ತರಗತಿಗೆ ಹೋದ ಮಕ್ಕಳು ಹೈಸ್ಕೂಲಿನಲ್ಲಿ ಗಣಿತಕ್ಕೆ ಹೆದರುತ್ತಿರಲಿಲ್ಲ ಅಂದರೆ ಅದರ ಹಿಂದೆ ಈ ಕೊಬ್ಬರಿ ಇತ್ತು.

ಪ್ರಭಾರ ಬಂದ ಮೇಲೆ ಅದೇ ಮಿಸ್ ಬೆಳಗ್ಗೆ ಪ್ರಾರ್ಥನೆ ಮುಗಿಸಿ ನೇರ ಆಫೀಸ್ ರೂಮಿಗೆ ಹೋಗುವಂತಾಯಿತು. ಮೊದಲ ಕೆಲಸ ಬಿಸಿಯೂಟದ ಅಕ್ಕಿ. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ, ಆರು ಮತ್ತು ಏಳರ ಮಗುವಿಗೆ 150 ಗ್ರಾಂ. ಅವತ್ತು ಬಂದ ಮಕ್ಕಳ ಸಂಖ್ಯೆ ತೆಗೆದುಕೊಂಡು ಗುಣಿಸಿ, ಅಡುಗೆ ಅಕ್ಕನಿಗೆ ತೂಕ ಹಾಕಿಸಿ ಕೊಟ್ಟು, ರಿಜಿಸ್ಟರಿನಲ್ಲಿ ಆರಂಭದ ದಾಸ್ತಾನು, ಖರ್ಚು, ಉಳಿಕೆ ಬರೆಯಬೇಕು. ಬೇಳೆಗೆ, ಎಣ್ಣೆಗೆ ಬೇರೆ ಬೇರೆ ಲೆಕ್ಕ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ, ಒಂದು ಮಗುವಿಗೆ 18 ಗ್ರಾಂ ಪುಡಿ. ಒಂದು ದಿನ ನಾನು ಹೋದಾಗ ಮಿಸ್ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದರು. ಪಕ್ಕದ ಗೋಡೆಯ ಆಚೆ ಐದನೇ ತರಗತಿಯ ಗಲಾಟೆ ಕೇಳುತ್ತಿತ್ತು. ಗ್ರಾಂನಿಂದ ಕೆಜಿಗೆ, ದಶಮಾಂಶ ಎಲ್ಲಿ ಇಡಬೇಕು ಅನ್ನುವುದೇ ಆ ಮಕ್ಕಳು ಆ ತಿಂಗಳು ಕಲಿಯಬೇಕಾಗಿದ್ದ ಪಾಠ. ಅದನ್ನು ಕಲಿಸಬೇಕಾದವರು ಗೋಡೆಯ ಈಚೆ ಅದೇ ಲೆಕ್ಕ ಮಾಡುತ್ತಿದ್ದರು.

"ನೋಡಮ್ಮ, ಇದರಲ್ಲಿ ಒಂದು ಕಾಲಂ ತಪ್ಪಿದ್ರೆ ಆಡಿಟ್‌ನೋರು ನನ್ನ ಕೇಳ್ತಾರೆ, ಸಂಬಳದಲ್ಲಿ ಹಿಡೀತಾರೆ. ಪಾಠ ತಪ್ಪಿದ್ರೆ ಯಾರೂ ನೋಟಿಸು ಕೊಡಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಪಾಠ ಬಿಟ್ಟು ಆರಾಮಾಗಿ ಕೂರುವ ಜಾತಿಯವರಲ್ಲ ಅವರು.

ಅಕ್ಕಿ ಮುಗಿದ ಮೇಲೆ ಉಳಿದದ್ದು ಶುರು. ಎಸ್‌ಎಟಿಎಸ್ ಎಂಬ ಇಲಾಖೆಯ ಆನ್‌ಲೈನ್ ದಾಖಲೆಗೆ ಮಕ್ಕಳ ವಿವರ ತುಂಬಿಸುವುದು, ಆಧಾರ್ ಹೆಸರಿಗೂ ಶಾಲೆಯ ಹೆಸರಿಗೂ ಇನಿಷಿಯಲ್ ಹೊಂದದೆ ವಿದ್ಯಾರ್ಥಿವೇತನ ನಿಂತ ಮಕ್ಕಳ ಅರ್ಜಿ, ಶೂ ಭಾಗ್ಯದ ದುಡ್ಡಿಗೆ ಕೊಟೇಶನ್, ಕಬ್ಬಿಣಾಂಶದ ಮಾತ್ರೆ ಕೊಟ್ಟ ವರದಿ, ಶೌಚಾಲಯದ ಬಾಗಿಲು ಮುರಿದದ್ದಕ್ಕೆ ಪಂಚಾಯಿತಿಗೆ ಪತ್ರ, ತಾಲ್ಲೂಕಿನಲ್ಲಿ ಮುಖ್ಯ ಶಿಕ್ಷಕರ ಸಭೆ. ತಾಲ್ಲೂಕು ಕೇಂದ್ರಕ್ಕೆ ನಮ್ಮೂರಿನಿಂದ ನೆಟ್ಟಗಿನ ಬಸ್ಸಿಲ್ಲ. ಸಭೆ ಅಂದರೆ ಇಡೀ ದಿನ ಹೋಯಿತು. ನೂರೈವತ್ತು ಚಿಲ್ಲರೆ ಮಕ್ಕಳ ಶಾಲೆಗೂ ಐನೂರು ಮಕ್ಕಳ ಶಾಲೆಗೂ ನಮೂನೆಗಳು ಹೆಚ್ಚುಕಡಿಮೆ ಅವೇ. ದೊಡ್ಡ ಶಾಲೆಯಲ್ಲಿ ಹಂಚಿಕೊಳ್ಳಲು ಜನ ಇರುತ್ತಾರೆ. ನಮ್ಮ ಶಾಲೆಗೆ ಮಂಜೂರಾಗಿದ್ದದ್ದು ಹೆಡ್ ಮೇಷ್ಟ್ರೂ ಸೇರಿ ಆರು ಹುದ್ದೆ.

ಖಾಲಿ ಹುದ್ದೆ ಅನ್ನುವಾಗ ಎಲ್ಲೋ ಒಂದು ಕುರ್ಚಿ ಖಾಲಿ ಇದೆ, ಬಾಕಿ ಎಲ್ಲ ಇದ್ದಂತೆಯೇ ಇದೆ ಎಂದು ಕಾಣುತ್ತದೆ. ನಮ್ಮ ಶಾಲೆಯಲ್ಲಿ ಆ ಕುರ್ಚಿ ಒಂದು ದಿನವೂ ಖಾಲಿ ಇರಲಿಲ್ಲ. ಖಾಲಿಯಾದದ್ದು ನಾಲ್ಕು ಮತ್ತು ಐದನೇ ತರಗತಿಯ ಕರಿಹಲಗೆಯ ಮುಂದಿನ ಜಾಗ. ಒಂದು ರವಿಕೆಗೆ ಬಟ್ಟೆ ಸಾಲಲಿಲ್ಲವೆಂದು ಇನ್ನೊಂದು ರವಿಕೆಯ ತೋಳು ಕತ್ತರಿಸಿ ಹೊಲಿದ ಹಾಗೆ. ಕಾಗದದಲ್ಲಿ ಒಂದು ಹುದ್ದೆ ಖಾಲಿ, ಅದಕ್ಕೆ ಪ್ರಭಾರ ವ್ಯವಸ್ಥೆ ಆಗಿದೆ, ಮುಗಿಯಿತು. ಮಕ್ಕಳ ಗಣಿತ ಯಾವ ಕಾಲಂನಲ್ಲೂ ಬರುವುದಿಲ್ಲ.

ಊರಿನ ತಂದೆತಾಯಿಗಳಿಗೆ ಈ ಕಾಲಂಗಳ ವಿಚಾರ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರ ಚಿಂತೆ ಬೇರೆ ಬೇರೆ ದಾರಿಯಲ್ಲಿ ಬಂತು. ಒಬ್ಬಾಕೆ ರವಿಕೆ ಒಯ್ಯಲು ಬಂದವಳು, "ಅಕ್ಕ, ನಮ್ಮ ಹುಡುಗ ಮೂರು ದಿನ ಸ್ಕೂಲಿಗೇ ಹೋಗಿಲ್ವಂತೆ, ಕೆರೆ ಏರಿ ಮೇಲೆ ಕೂತಿದ್ನಂತೆ, ನನಗೆ ಯಾರೂ ಹೇಳಲಿಲ್ಲ" ಎಂದಳು. ಹಿಂದಿನ ಮೇಷ್ಟ್ರು ಇದ್ದಾಗ ಒಂದು ಮಗು ಎರಡು ದಿನ ಬರದಿದ್ದರೆ ಮೂರನೇ ದಿನ ಬೈಕ್ ಮನೆ ಮುಂದೆ ನಿಲ್ಲುತ್ತಿತ್ತು. ಅದು ಯಾವ ಸುತ್ತೋಲೆಯಲ್ಲೂ ಇದ್ದ ಕೆಲಸವಲ್ಲ, ಅವರ ಪದ್ಧತಿ. ಪ್ರಭಾರದವರಿಗೆ ತರಗತಿಯೂ ಇದೆ, ಕಚೇರಿಯೂ ಇದೆ, ಮನೆಮನೆಗೆ ಹೋಗುವುದಕ್ಕೆ ಹೊತ್ತೆಲ್ಲಿ? ಇನ್ನೊಬ್ಬರು ಬಿದ್ದು ಮೊಣಕಾಲು ತರಚಿಕೊಂಡ ಮಗಳನ್ನು ತೋರಿಸಿ, ಇದನ್ನು ಯಾರ ಹತ್ತಿರ ಹೇಳಬೇಕು ಎಂದು ಕೇಳಿದರು. ಮಿಸ್ ಹತ್ತಿರ ಹೇಳಿ ಅಂದರೆ, "ಅವರಿಗೆ ಮೊದಲೇ ತಲೆ ಕೆಟ್ಟಿದೆ, ನಾವೂ ಹೋಗಿ ಯಾಕೆ ಹೇಳಾಣ" ಎಂದು ಸುಮ್ಮನಾದರು. ಇದು ನನ್ನನ್ನು ತುಂಬ ಚುಚ್ಚಿತು. ಜಗಳ ಮಾಡುವ ಪೋಷಕರಿದ್ದರೆ ಶಾಲೆಗೆ ಭಯವಿಲ್ಲ. ಕೇಳುವುದನ್ನೇ ಬಿಟ್ಟರೆ ಶಾಲೆ ಊರಿನದಾಗಿ ಉಳಿಯುವುದಿಲ್ಲ.

ಅತಿ ಕಷ್ಟವಾದದ್ದು ನವೋದಯದ ಅರ್ಜಿಯ ದಿನ. ಐದನೇ ತರಗತಿಯ ಮಕ್ಕಳು ಆರಕ್ಕೆ ಜವಾಹರ್ ನವೋದಯ ವಿದ್ಯಾಲಯದ ಪರೀಕ್ಷೆ ಬರೆಯಬೇಕಾದರೆ ಅರ್ಜಿಯ ಮೇಲೆ ಓದುತ್ತಿರುವ ಶಾಲೆಯ ಮುಖ್ಯಸ್ಥರ ಸಹಿ, ಸೀಲು ಬೇಕು. ತೆಂಗಿನ ಮರ ಹತ್ತುವ ಕೂಲಿಯ ಒಬ್ಬರು, ಓದಿನಲ್ಲಿ ಚುರುಕಾದ ಮಗಳ ಅರ್ಜಿ ಹಿಡಿದು ಕೊನೆಯ ದಿನದ ಹಿಂದಿನ ದಿನ ಬಂದರು. ಕೂಲಿ ಬಿಟ್ಟು ಬಂದಿದ್ದರು. ಮಿಸ್ ತಾಲ್ಲೂಕಿನ ಸಭೆಗೆ ಹೋಗಿದ್ದರು, ಸೀಲು ಬೀರುವಿನಲ್ಲಿತ್ತು, ಬೀಗದ ಕೈ ಮಿಸ್ ಹತ್ತಿರ. ಉಳಿದ ಶಿಕ್ಷಕರು ಸಹಿ ಹಾಕುವ ಹಾಗಿಲ್ಲ. ಆ ಮನುಷ್ಯ ಗೇಟಿನ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಿದ್ದರು. ಫೋನ್ ಮಾಡಿದೆವು. ಮಿಸ್ ಸಭೆ ಮುಗಿಸಿ, ಬಸ್ಸು ತಪ್ಪಿ, ಆಟೋ ಹಿಡಿದು ಕತ್ತಲಾದ ಮೇಲೆ ಬಂದು ಟಾರ್ಚ್ ಬೆಳಕಿನಲ್ಲಿ ಬೀರು ತೆರೆದು ಸೀಲು ಹಾಕಿಕೊಟ್ಟರು. ಆ ಹುಡುಗಿ ಪರೀಕ್ಷೆ ಬರೆದಳು, ಆಯ್ಕೆಯಾಗಲಿಲ್ಲ. ಆಯ್ಕೆ ಆಗದಿರುವುದಕ್ಕೆ ಕಾರಣ ಸಾವಿರ ಇರಬಹುದು. ಆದರೆ ಆ ಪರೀಕ್ಷೆಯಲ್ಲಿ ಅಂಕಗಣಿತದ ಭಾಗವೊಂದಿದೆ, ಆ ವರ್ಷ ಅವಳಿಗೆ ಅಂಕಗಣಿತ ಹೇಳಿಕೊಡಬೇಕಾದವರು ಆಫೀಸ್ ರೂಮಿನಲ್ಲಿದ್ದರು ಅನ್ನುವುದನ್ನು ನಾನು ಮರೆಯಲಾರೆ.

ಎಸ್‌ಡಿಎಂಸಿಯಿಂದ ತಾಲ್ಲೂಕು ಶಿಕ್ಷಣ ಕಚೇರಿಗೆ ಹೋದೆವು. ನಾವು ನಾಲ್ಕೈದು ಹೆಂಗಸರು, ಇಬ್ಬರು ಗಂಡಸರು. ಅಧಿಕಾರಿ ಕೂರಿಸಿ ಮಾತಾಡಿಸಿದರು. "ನಿಮ್ಮದೊಂದೇ ಶಾಲೆ ಅಲ್ಲಮ್ಮ, ತಾಲ್ಲೂಕಲ್ಲಿ ಎಷ್ಟೋ ಶಾಲೆ ಪ್ರಭಾರದಲ್ಲಿವೆ. ನಾನೇ ಈ ಹುದ್ದೇಲಿ ಪ್ರಭಾರಿ" ಎಂದರು. ಅವರು ಬೇಸರದಿಂದಲೇ ಹೇಳಿದ ಮಾತು, ನಮಗೂ ಬೇಸರವಾಯಿತು. ಮೇಲಿಂದ ಕೆಳಗಿನವರೆಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೊತ್ತುಕೊಂಡಿದ್ದರೆ ಹೊಣೆ ಕೇಳುವುದು ಯಾರನ್ನು?

ಮುಖ್ಯ ಶಿಕ್ಷಕರ ಹುದ್ದೆ ಬೇಗ ತುಂಬದಿರುವುದಕ್ಕೆ ಕಾರಣಗಳು ಆಮೇಲೆ ಒಂದೊಂದಾಗಿ ತಿಳಿದವು. ಈ ಹುದ್ದೆಗೆ ಬಡ್ತಿಯಿಂದ ಬರಬೇಕು. ಬಡ್ತಿಗೆ ಜ್ಯೇಷ್ಠತಾ ಪಟ್ಟಿ ಆಗಬೇಕು, ಪಟ್ಟಿಗೆ ಆಕ್ಷೇಪಣೆ ಬರುತ್ತದೆ, ಆಕ್ಷೇಪಣೆ ಕೆಲವೊಮ್ಮೆ ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ, ಅಲ್ಲಿ ತಡೆಯಾಜ್ಞೆ ಸಿಕ್ಕಿದರೆ ಎಲ್ಲ ನಿಂತಿತು. ಪಟ್ಟಿ ಗಟ್ಟಿಯಾದ ಮೇಲೆ ಕೌನ್ಸೆಲಿಂಗ್. ಕೌನ್ಸೆಲಿಂಗ್‌ನಲ್ಲಿ ರಸ್ತೆ ಬದಿಯ, ಪೇಟೆಗೆ ಹತ್ತಿರದ ಶಾಲೆಗಳು ಮೊದಲು ಹೋಗುತ್ತವೆ, ನಮ್ಮಂಥವು ಉಳಿಯುತ್ತವೆ. ಎಷ್ಟೋ ಶಿಕ್ಷಕರು ಬಡ್ತಿಯೇ ಬೇಡ ಎಂದು ಬರೆದುಕೊಡುತ್ತಾರೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಇಪ್ಪತ್ತು ವರ್ಷ ಒಂದೆಡೆ ಸಂಸಾರ ಕಟ್ಟಿದವರು, ಕೈಗೆ ಬರುವ ಸಂಬಳದಲ್ಲಿ ದೊಡ್ಡ ವ್ಯತ್ಯಾಸವಿಲ್ಲದೆ, ಜವಾಬ್ದಾರಿ ಮಾತ್ರ ಹತ್ತುಪಟ್ಟು ಹೊತ್ತು ಬೇರೆ ಊರಿಗೆ ಯಾಕೆ ಹೋಗಬೇಕು? ಬಡ್ತಿ ತೆಗೆದುಕೊಂಡ ಮುಖ್ಯ ಶಿಕ್ಷಕರಿಗೆ ಮುಂದಿನ ಕಾಲಮಿತಿ ವೇತನ ಬಡ್ತಿಗಳು ಸಿಗದೆ, ಕಿರಿಯ ಸಹೋದ್ಯೋಗಿಗಳಿಗಿಂತ ಸಂಬಳ ಕಡಿಮೆಯಾಗುತ್ತದೆ ಅನ್ನುವುದು ಶಿಕ್ಷಕರ ಬಹುಕಾಲದ ದೂರು.

2017ರಲ್ಲಿ ವೃಂದ ಮತ್ತು ನೇಮಕಾತಿ ನಿಯಮ ಬದಲಾದದ್ದು ಇನ್ನೊಂದು ಗಂಟು. ಒಂದರಿಂದ ಏಳನೇ ತರಗತಿಗೆಂದು ನೇಮಕವಾಗಿದ್ದ ಶಿಕ್ಷಕರನ್ನು ಒಂದರಿಂದ ಐದಕ್ಕೆ ಎಂದು ಗುರುತಿಸಿ, ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರ ಬೇರೆ ವೃಂದ ಮಾಡಿದರು. ಪದವಿ, ಬಿ.ಇಡಿ ಇದ್ದೂ ಹಳೆಯ ಶಿಕ್ಷಕರು ಕೆಳಗಿನ ವೃಂದದಲ್ಲೇ ಉಳಿದರು, ಬಡ್ತಿಯ ದಾರಿ ಕಿರಿದಾಯಿತು ಎಂದು ಅವರಿಗೆ ನೋವಾಯಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಸೇರಿ ಕೇಳಿದ್ದು ಇದನ್ನೇ. ಏಳು ವರ್ಷವಾದರೂ ಬಿಚ್ಚದ ಗಂಟು. ಆ ಏಳು ವರ್ಷದಲ್ಲಿ ಒಂದನೇ ತರಗತಿಗೆ ಸೇರಿದ ಮಗು ಏಳನ್ನು ಮುಗಿಸಿ ಶಾಲೆ ಬಿಟ್ಟಿರುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ಹುಡುಕಿದ್ದು ನನ್ನ ತಮ್ಮ, ವಕೀಲರ ಹತ್ತಿರ ಕೆಲಸಕ್ಕಿದ್ದವನು. ಶಿಕ್ಷಣ ಹಕ್ಕು ಕಾಯ್ದೆಯ ಪುಸ್ತಕ ತಂದುಕೊಟ್ಟ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯ್ದೆ. ಅದರ ಅನುಸೂಚಿಯಲ್ಲಿ ಐದನೇ ತರಗತಿಯವರೆಗಿನ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐವರು ಶಿಕ್ಷಕರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು, ಆರರಿಂದ ಎಂಟರಲ್ಲಿ ನೂರಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಎಂದಿದೆ. ನಮ್ಮ ಮಕ್ಕಳನ್ನು ಹೀಗೆ ಎರಡು ಪಾಲು ಮಾಡಿ ಎಣಿಸಿದರೆ ಯಾವ ಪಾಲಿನಲ್ಲೂ ಲೆಕ್ಕ ತುಂಬುವುದಿಲ್ಲ. ಚಿಕ್ಕ ಶಾಲೆಗೆ ಮುಖ್ಯ ಶಿಕ್ಷಕರ ಅಗತ್ಯ ಕಡಿಮೆ ಎಂದು ಬರೆದವರು ಭಾವಿಸಿರಬೇಕು. ಅದನ್ನು ನಾನು ಒಪ್ಪುವುದಿಲ್ಲ. ಜನ ಕಡಿಮೆ ಇರುವ ಕಡೆಯೇ ಒಬ್ಬರು ಹೋದರೆ ತಡೆಯಲಾಗದ ಪೆಟ್ಟು ಬೀಳುತ್ತದೆ. ಅದೃಷ್ಟಕ್ಕೆ ನಮ್ಮ ಶಾಲೆಗೆ ರಾಜ್ಯವೇ ಮಂಜೂರು ಮಾಡಿದ ಹುದ್ದೆ ಇತ್ತು, ಮತ್ತು ಅದೇ ಕಾಯ್ದೆಯ 26ನೇ ಸೆಕ್ಷನ್ ನಮ್ಮ ಕಣ್ಣಿಗೆ ಬಿತ್ತು. ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎನ್ನುತ್ತದೆ ಅದು, ಅದೂ ತಾಲ್ಲೂಕಿನ ಒಟ್ಟು ಲೆಕ್ಕವಲ್ಲ, ಒಂದೊಂದು ಶಾಲೆಯ ಲೆಕ್ಕ. ಆರು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿಯಾದರೆ ಶೇಕಡ 16 ದಾಟುತ್ತದೆ. ಅಂದರೆ ಹತ್ತಕ್ಕಿಂತ ಕಡಿಮೆ ಹುದ್ದೆಗಳಿರುವ ಶಾಲೆಯಲ್ಲಿ ಒಂದು ಹುದ್ದೆಯನ್ನೂ ಖಾಲಿ ಬಿಡುವ ಹಾಗಿಲ್ಲ. ಈ ಲೆಕ್ಕವನ್ನು ನಾವು ಜಗುಲಿಯ ಮೇಲೆ ಕೂತು, ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ನೋಡಿದೆವು. ಅಲ್ಲಿದ್ದ ಒಬ್ಬ ಅಜ್ಜಿ ಅಕ್ಷರ ಬಾರದವರು, ಲೆಕ್ಕ ಬಾಯಲ್ಲೇ ಒಪ್ಪಿಸಿದರು.

ಎಸ್‌ಡಿಎಂಸಿ ಅನ್ನುವ ವ್ಯವಸ್ಥೆ ಹೇಗೆ ಹುಟ್ಟಿತು ಅನ್ನುವುದನ್ನೂ ಆಗಲೇ ಓದಿದೆ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಇದು ಬಂತು. 1974ರ ಪೋಖ್ರಾನ್ ಅಣು ಪರೀಕ್ಷೆಯ ಹಿಂದಿದ್ದ ಆ ವಿಜ್ಞಾನಿ ಹುಟ್ಟಿದ್ದು ನಮ್ಮ ತೆಂಗಿನ ಸೀಮೆಯ ತಿಪಟೂರಿನಲ್ಲಿ ಎಂದು ತಿಳಿದಾಗ ನಮಗೆಲ್ಲ ಒಂದು ಹೆಮ್ಮೆ. ಶಾಲೆಯನ್ನು ಮಕ್ಕಳ ತಂದೆತಾಯಿಗಳೇ ನೋಡಿಕೊಳ್ಳಬೇಕು ಅನ್ನುವುದು ಆ ಆದೇಶದ ಜೀವ. ಆದರೆ ಸಮಿತಿಯ ಕಾರ್ಯದರ್ಶಿ ಮುಖ್ಯ ಶಿಕ್ಷಕರು. ಸಭೆ ಕರೆಯುವವರು, ನಡಾವಳಿ ಬರೆಯುವವರು, ಅಧ್ಯಕ್ಷರ ಜೊತೆ ಚೆಕ್ಕಿಗೆ ಸಹಿ ಹಾಕುವವರು ಅವರೇ. ಸಹಿ ಬದಲಾವಣೆಗೆ ಬ್ಯಾಂಕಿನಲ್ಲಿ ಕಾಗದ ಓಡಾಡಿ ಮುಗಿಯುವ ಹೊತ್ತಿಗೆ ಶೂ ಕೊಡುವ ಕಾಲ ದಾಟಿ, ಮಕ್ಕಳು ಮಳೆಗಾಲವನ್ನೆಲ್ಲ ಹವಾಯಿ ಚಪ್ಪಲಿಯಲ್ಲಿ ಕಳೆದರು.

ಎರಡನೇ ವರ್ಷ ಊರಿಗೆ ಹಳದಿ ವ್ಯಾನ್ ಬರಲು ಶುರುವಾಯಿತು. ಪೇಟೆಯ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯದು. ಮೊದಲು ಅನುಕೂಲಸ್ಥರ ಮಕ್ಕಳು, ಆಮೇಲೆ ಸಾಲ ಮಾಡಿದವರ ಮಕ್ಕಳು ಹತ್ತಿದರು. "ಅಲ್ಲಿ ಹೋಗಿ ಕೇಳಿದ್ರೆ ಉತ್ತರ ಹೇಳೋಕೆ ಒಬ್ಬರು ಇರ್ತಾರೆ" ಎಂದು ಒಬ್ಬ ತಾಯಿ ಹೇಳಿದರು. ಇಂಗ್ಲಿಷಿನ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರು ಹೆಚ್ಚುವರಿ ಎಂದಾಗುತ್ತಾರೆ, ಹೆಚ್ಚುವರಿ ಆದವರನ್ನು ಬೇರೆ ಕಡೆಗೆ ಕಳಿಸುತ್ತಾರೆ, ಕೊನೆಗೆ ಮುಖ್ಯ ಶಿಕ್ಷಕರ ಹುದ್ದೆಗೇ ಸಂಚಕಾರ ಬರುತ್ತದೆ. ಹುದ್ದೆ ತುಂಬದ್ದರಿಂದ ಮಕ್ಕಳು ಹೋದರು, ಮಕ್ಕಳು ಹೋದದ್ದರಿಂದ ಹುದ್ದೆ ಬೇಡ ಎಂದಾಗಬಹುದಿತ್ತು. ಇದನ್ನು ಮನೆಮನೆಗೆ ಹೋಗಿ ಹೇಳಿದೆವು. ಕೆಲವರು ನಿಂತರು. ಹೋದವರನ್ನು ನಾನು ತಪ್ಪು ಅನ್ನುವುದಿಲ್ಲ. ಅವರ ಮಗುವಿಗೆ ನಾಲ್ಕನೇ ತರಗತಿ ಎರಡನೇ ಸಲ ಬರುವುದಿಲ್ಲ.

ನಮ್ಮ ಬೇಡಿಕೆ ನಡುವೆ ಬದಲಾಯಿತು. ಮೊದಲು ಹೆಡ್ ಮೇಷ್ಟ್ರನ್ನು ಕೊಡಿ ಎಂದು ಕೇಳುತ್ತಿದ್ದೆವು. ಅದು ತಾಲ್ಲೂಕಿನವರ ಕೈಯಲ್ಲಿಲ್ಲ ಎಂದು ತಿಳಿದ ಮೇಲೆ, ಅವರು ಬರುವವರೆಗೆ ಗಣಿತಕ್ಕೆ ಒಬ್ಬ ಅತಿಥಿ ಶಿಕ್ಷಕರನ್ನು ಕೊಡಿ ಎಂದೆವು. ಕಚೇರಿಯಲ್ಲಿ ಸಿಕ್ಕ ಉತ್ತರ ಇದು: "ನಿಮ್ಮಲ್ಲಿ ಖಾಲಿ ಇರೋದು ಮುಖ್ಯ ಶಿಕ್ಷಕರ ಹುದ್ದೆ. ಪಾಠ ಮಾಡೋ ಶಿಕ್ಷಕರೆಲ್ಲ ಭರ್ತಿ ಇದ್ದಾರೆ. ಅತಿಥಿ ಶಿಕ್ಷಕರನ್ನ ಯಾವ ಹುದ್ದೆ ಎದುರಿಗೆ ಕೊಡೋದು?" ಕಾಗದದ ಪ್ರಕಾರ ಅವರ ಮಾತು ಸರಿ. ಗಣಿತದ ಮಿಸ್ ಹಾಜರಾತಿಯಲ್ಲಿದ್ದಾರೆ, ಸಂಬಳ ತೆಗೆದುಕೊಳ್ಳುತ್ತಿದ್ದಾರೆ, ಅವರ ಹುದ್ದೆ ಭರ್ತಿ. ಅವತ್ತು ನಾವು ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಊರು ಸೇರಿದ ಮೇಲೆ ಪಿಯುಸಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿಯನ್ನು ಕೇಳಿಕೊಂಡೆವು. ಮನೆಗಿಷ್ಟು ಎಂದು ಹಾಕಿಕೊಂಡು ಅವಳಿಗೆ ತಿಂಗಳಿಗೊಂದಿಷ್ಟು ಕೊಟ್ಟೆವು. ಅವಳು ಪ್ರೀತಿಯಿಂದ ಪಾಠ ಮಾಡಿದಳು. ಆದರೂ ತರಬೇತಿಯಾದ, ಅಷ್ಟು ವರ್ಷ ನುರಿತ ಕೈಯ ಜಾಗದಲ್ಲಿ ಅವಳನ್ನು ನಿಲ್ಲಿಸಿದ್ದು ಅವಳಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

2018ರಲ್ಲಿ ಕೌನ್ಸೆಲಿಂಗ್ ಆಗಿ ಮುಖ್ಯ ಶಿಕ್ಷಕರು ಬಂದರು. ಬಂದ ವಾರವೇ ಅವರು ಬಿಡುವು ಮಾಡಿಕೊಂಡು ಆರನೇ ತರಗತಿಯಲ್ಲಿ ಒಂದು ಪರೀಕ್ಷೆ ಮಾಡಿದರು. ಮುಕ್ಕಾಲಿನಲ್ಲಿ ಅರ್ಧ ಕಳೆದರೆ ಎಷ್ಟು ಎಂದು ಕೇಳಿದ್ದಕ್ಕೆ ಬಹಳ ಮಕ್ಕಳು ಮೂರರಿಂದ ಒಂದನ್ನೂ ನಾಲ್ಕರಿಂದ ಎರಡನ್ನೂ ಕಳೆದು ಎರಡರ ಕೆಳಗೆ ಎರಡು ಎಂದು ಬರೆದಿದ್ದರು. ನನ್ನ ಮಗಳೂ ಹಾಗೇ ಬರೆದಿದ್ದಳು. ಗಣಿತದ ಮಿಸ್ ಆ ಉತ್ತರ ಪತ್ರಿಕೆಗಳನ್ನು ನೋಡಿ, ತಮ್ಮ ತರಗತಿಯಲ್ಲದಿದ್ದರೂ ಆರನೇ ತರಗತಿಯನ್ನು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಮೊದಲಿಂದ ಶುರು ಮಾಡಿದರು. ಮನೆಯಿಂದ ಕೊಬ್ಬರಿ ಕೊಟ್ಟು ಕಳಿಸಿದೆವು. ಆಗಲೇ ಏಳನೇ ತರಗತಿಗೆ ಹೋಗಿದ್ದ ಮಕ್ಕಳಿಗೆ ಈ ಸಂಜೆಯ ತರಗತಿ ಸಿಗಲಿಲ್ಲ.

ಆ ವರ್ಷದ ಎಸ್‌ಡಿಎಂಸಿ ಸಭೆಯಲ್ಲಿ ನಾವೊಂದು ಠರಾವು ಬರೆಸಿದೆವು. ಮುಖ್ಯ ಶಿಕ್ಷಕರ ನಿವೃತ್ತಿಗೆ ಆರು ತಿಂಗಳು ಮೊದಲೇ ಸಮಿತಿ ಇಲಾಖೆಗೆ ಲಿಖಿತವಾಗಿ ನೆನಪಿಸಬೇಕು. ಬ್ಯಾಂಕಿನ ಸಹಿ ಬದಲಾವಣೆಯ ಕಾಗದ ಹಳಬರು ಇರುವಾಗಲೇ ಸಿದ್ಧವಾಗಬೇಕು. ಯಾವ ಶಿಕ್ಷಕರಿಗೆ ಪ್ರಭಾರ ವಹಿಸುತ್ತಾರೋ ಅದೇ ದಿನದಿಂದ ಆ ಶಿಕ್ಷಕರ ತರಗತಿಗೆ ಅತಿಥಿ ಶಿಕ್ಷಕರನ್ನು ಕೊಡಬೇಕು, ಖಾಲಿ ಇರುವುದು ಯಾವ ಹುದ್ದೆ ಎಂದು ಕೇಳಬಾರದು. ಮೂರನೆಯದಕ್ಕೆ ಇಲಾಖೆಯಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ. ನನ್ನ ಅವಧಿ ಮುಗಿದು ಎಷ್ಟೋ ಕಾಲವಾಯಿತು, ಆದರೂ ಪ್ರತಿ ವರ್ಷ ಹೊಸ ಸಮಿತಿಯವರ ಹತ್ತಿರ ಹೋಗಿ ಅದನ್ನು ಮತ್ತೆ ಕಳಿಸಿ ಎಂದು ಹೇಳುತ್ತೇನೆ, ಅವರೂ ಕಳಿಸುತ್ತಾರೆ. ಕಳೆದ ತಿಂಗಳು ಪಕ್ಕದ ಊರಿನ ಇಬ್ಬರು ತಾಯಂದಿರು ಆ ಠರಾವಿನ ನಕಲು ಕೇಳಿಕೊಂಡು ಜಗುಲಿಗೆ ಬಂದಿದ್ದರು. ಅವರ ಶಾಲೆಯ ಹೆಡ್ ಮೇಷ್ಟ್ರು ಬರುವ ಮೇ 31ಕ್ಕೆ ನಿವೃತ್ತರಾಗುತ್ತಾರಂತೆ. ಜೆರಾಕ್ಸ್ ಮಾಡಿಸಿ ಕೊಟ್ಟು, ಪತ್ರವನ್ನು ಯಾರಿಗೆ ಬರೆಯಬೇಕು, ಸ್ವೀಕೃತಿಯನ್ನು ಯಾವ ಟೇಬಲಿನಲ್ಲಿ ತೆಗೆದುಕೊಳ್ಳಬೇಕು ಎಂದು ಹೇಳಿ ಕಳಿಸಿದ್ದೇನೆ.